ಚಿನ್ನದ ಉಂಗುರ ಮತ್ತು ಬಡವನ ಸೂರು



ಚಿನ್ನದ ಉಂಗುರ ತೊಟ್ಟು ಸಭೆಗೆ ಬಂದವನಿಗೆ ಉತ್ತಮ ಆಸನ, ಹರಕು ಬಟ್ಟೆಯವನಿಗೆ ಪಾದದ ಬಳಿ ಸ್ಥಳ. ಈ ತಾರತಮ್ಯವನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಕಟುವಾಗಿ ಖಂಡಿಸುತ್ತಾರೆ. ರಾಷ್ಟ್ರಗಳು ಹಣವಂತ ವಲಸಿಗರಿಗೆ ನೀಡುವ ಹೂಡಿಕೆ ವೀಸಾಗಳನ್ನು ಕಂಡಾಗ ಆ ಮಾತು ನೆನಪಾಗುತ್ತದೆ.

ಅಮೆರಿಕವು 1990ರಲ್ಲಿ ಇಬಿ-5 ಎಂಬ ವೀಸಾ ಯೋಜನೆಯನ್ನು ಆರಂಭಿಸಿತು. 2022ರ ಕಾಯಿದೆಯಂತೆ ಗ್ರಾಮೀಣ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶದಲ್ಲಿ 8 ಲಕ್ಷ ಡಾಲರ್ ಹೂಡಿ, ಹತ್ತು ಉದ್ಯೋಗ ಸೃಷ್ಟಿಸಿದವನು ಕಾಯಂ ವಾಸದ ಹಕ್ಕಿಗೆ ಅರ್ಹನಾಗುತ್ತಾನೆ. ಈ ಹಣದಿಂದ ಬಡವರಿಗೂ ಮನೆ ಕಟ್ಟಬಹುದೆಂಬ ವಾದವಿದೆ. ವಾದ ಪೊಳ್ಳಲ್ಲ. ಹೂಡಿಕೆದಾರನಿಗೆ ಮುಖ್ಯವಾಗಿ ಬೇಕಾದುದು ವೀಸಾ. ಆದುದರಿಂದ ಆತ ಅಲ್ಪ ಲಾಭಕ್ಕೂ ಒಪ್ಪುತ್ತಾನೆ. ಆದರೆ ಅದು ದಾನವಲ್ಲ. ಅವಧಿ ತೀರಿದಾಗ ಅಸಲನ್ನು ಹಿಂದಿರುಗಿಸಬೇಕು. ಬಡವರು ತೆರಬಲ್ಲ ಬಾಡಿಗೆಯಿಂದ ಅಷ್ಟು ಹಣ ಹುಟ್ಟದು. ಸರ್ಕಾರದ ನೆರವಿಲ್ಲದೆ ಅಂಥ ಮನೆ ಬಹುಕಾಲ ಬಡವನದಾಗಿ ಉಳಿಯದು.

ಮನೆ ಕೊಂಡವರಿಗೆ ವಾಸದ ಹಕ್ಕು ನೀಡಿದ ದೇಶಗಳ ಅನುಭವವೂ ಕಹಿಯೇ. ಸ್ಥಳೀಯರಿಗೆ ಮನೆ ಎಟುಕದಾಯಿತೆಂಬ ಕೂಗೆದ್ದ ಮೇಲೆ ಪೋರ್ಚುಗಲ್ 2023ರಲ್ಲಿ ಆ ದಾರಿಯನ್ನು ಮುಚ್ಚಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಯೋಜನೆಯನ್ನೇ ರದ್ದುಪಡಿಸಿತು. ಭಾರತವೂ 2016ರಲ್ಲಿ ಇಂಥದೇ ಬಾಗಿಲನ್ನು ತೆರೆಯಿತು: 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಹೂಡುವ ವಿದೇಶಿಗನಿಗೆ ಹತ್ತು ವರ್ಷಗಳ ವಾಸ, ಜೊತೆಗೆ ಒಂದು ಮನೆ ಕೊಳ್ಳುವ ಅನುಮತಿ. ಬಡವರಿಗೆ ಸೂರು ಒದಗಿಸಬೇಕೆಂಬುದು ಅದರ ಷರತ್ತಲ್ಲ.

ಸಿರಿವಂತನ ಲಾಭಕ್ಕೆ ಬಡವನ ಮನೆಯನ್ನು ಗಂಟು ಹಾಕಿದರೆ ಏನಾಗುತ್ತದೆಂಬುದನ್ನು ನಾವು ನಮ್ಮೂರಿನಲ್ಲೇ ಕಂಡಿದ್ದೇವೆ. ಇಂದಿರಾನಗರದಿಂದ ದೊಮ್ಮಲೂರು ದಾಟಿದರೆ ಈಜಿಪುರ. ಅಲ್ಲಿನ ದುರ್ಬಲ ವರ್ಗದ ವಸತಿಗೃಹಗಳು ಶಿಥಿಲಗೊಂಡಾಗ, ಆ ಭೂಮಿಯ ಒಂದು ಭಾಗದಲ್ಲಿ ವಾಣಿಜ್ಯ ಸಂಕೀರ್ಣ, ಇನ್ನೊಂದು ಭಾಗದಲ್ಲಿ ಬಡವರ ಮನೆಗಳು ಎಂದು ಖಾಸಗಿ ಸಹಭಾಗಿತ್ವದ ಒಪ್ಪಂದವಾಯಿತು. 2013ರ ಜನವರಿಯ ಚಳಿಯಲ್ಲಿ ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಬೀದಿಗೆ ಬಿದ್ದವು. ಅವರಲ್ಲಿ ಹಲವರು ರಸ್ತೆಬದಿಯ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಒಡೆಯಲು ದಿನಗಳು ಸಾಕಾದವು. ಕಟ್ಟಲು ವರ್ಷಗಳೂ ಸಾಲಲಿಲ್ಲ.

ನಮ್ಮ ದಂಡು ಪ್ರದೇಶವೇ ವಲಸಿಗರು ಕಟ್ಟಿದ ಊರು. 1809ರಲ್ಲಿ ದಂಡು ನೆಲೆಗೊಂಡಾಗ ಅದರ ಬೆನ್ನಿಗೆ ಬಂದ ಸಿಪಾಯಿಗಳು, ಅಡುಗೆಯವರು, ಕೂಲಿಗಳು, ವ್ಯಾಪಾರಿಗಳು ಶಿವಾಜಿನಗರ, ಹಲಸೂರುಗಳನ್ನು ತುಂಬಿದರು. ಅವರಲ್ಲಿ ಹೆಚ್ಚಿನವರು ತಂದ ಬಂಡವಾಳ ಎರಡು ಕೈಗಳು ಮಾತ್ರ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಅವರ ಸಂತತಿಯೇ. ಇಂದು ಕೆ.ಆರ್. ಪುರದ ಸುತ್ತ ತಗಡಿನ ಶೆಡ್ಡುಗಳಲ್ಲಿ ಮಲಗಿ, ಬೇರೆಯವರಿಗೆ ಬಹುಮಹಡಿ ಮನೆ ಕಟ್ಟುವ ರಾಯಚೂರು, ಯಾದಗಿರಿ, ಒಡಿಶಾಗಳ ಕಾರ್ಮಿಕರು ಅದೇ ಬಂಡವಾಳವನ್ನು ಹೂಡುತ್ತಿದ್ದಾರೆ. ಅದಕ್ಕೆ ಪ್ರತಿಯಾಗಿ ಅವರಿಗೆ ಯಾವ ಹಕ್ಕುಪತ್ರವೂ ಇಲ್ಲ.

ಆದುದರಿಂದ ಯಾವುದೇ ವಸತಿ ಯೋಜನೆ ಬಂದಾಗ ಎರಡು ಪ್ರಶ್ನೆ ಕೇಳೋಣ: ಮೊದಲು ಯಾರಿಗೆ ಪ್ರತಿಫಲ? ಕೊನೆಯವರೆಗೂ ಕಾಯುವವರು ಯಾರು?

ಸರ್ಕಾರವನ್ನು ಮಾತ್ರ ಕೇಳಿದರೆ ಸಾಲದು. ನಮ್ಮಲ್ಲೂ ಬಾಡಿಗೆಗೆ ಮನೆ ಕೊಡುವವರಿದ್ದಾರೆ. ಹತ್ತು ತಿಂಗಳ ಮುಂಗಡ ಎಣಿಸಿ ಕೊಟ್ಟವನಿಗೆ ಬಾಗಿಲು ತೆರೆದು, ಕೊಡಲಾಗದ ಕೂಲಿಯವನನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವಾಗ ನಾವು ನೋಡುವುದೂ ಆ ಉಂಗುರವನ್ನೇ ಅಲ್ಲವೇ? ಮುಂದಿನ ಬಾರಿ ಅಂಥವನೊಬ್ಬ ಬಾಗಿಲು ತಟ್ಟಿದರೆ, ಮುಂಗಡದ ಮಾತಿಗೆ ಮುನ್ನ ಅವನ ಹೆಸರು ಕೇಳೋಣ.