ಫೈಟಿಂಗ್ ಗೇಮ್‌ಗಳು: ಇಷ್ಟ ಬೇರೆ, ಗುಣ ಬೇರೆ

ಫೈಟಿಂಗ್ ಗೇಮ್ ಆಡುವ ನಾಲ್ಕು ಜನ ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ: ಸ್ಟ್ರೀಟ್ ಫೈಟರ್ ಮೇಲೋ, ಟೆಕ್ಕೆನ್ ಮೇಲೋ? ಟೆಕ್ಕೆನ್ ಬಳಗದವರ ಕಣ್ಣಿಗೆ ಸ್ಟ್ರೀಟ್ ಫೈಟರ್ ದೂರ ನಿಂತು ಬೆಂಕಿಯುಂಡೆ ಎಸೆಯುವ ಆಟ. ಆ ಕಡೆಯವರಿಗೆ ಟೆಕ್ಕೆನ್ ಎಂದರೆ ಕೈಗೆ ಸಿಕ್ಕ ಬಟನ್ ಕುಟ್ಟಿ ಗೆಲ್ಲುವ ಆಟ. ಎರಡೂ ಕಡೆಯವರು ತಮಗೆ ಒಗ್ಗದ್ದನ್ನು ಕೀಳೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಹಾಗೆಂದು ‘ಅವರವರ ಇಷ್ಟ’ ಎಂದು ಕೈತೊಳೆದುಕೊಂಡರೆ ವಿಮರ್ಶೆಗೆ ಕೆಲಸವೇ ಉಳಿಯುವುದಿಲ್ಲ. ಒಂದೊಂದು ಆಟವೂ ಆಡುವವನಿಂದ ಏನನ್ನು ಬೇಡುತ್ತದೆ ಎಂದು ಮೊದಲು ನೋಡಬೇಕು.

ಕ್ಯಾಪ್‌ಕಾಮ್ 1991ರಲ್ಲಿ ಆರ್ಕೇಡ್‌ಗಳಿಗೆ ತಂದ ‘ಸ್ಟ್ರೀಟ್ ಫೈಟರ್ 2’ರಲ್ಲಿ ಆಯ್ದುಕೊಳ್ಳಲು ಎಂಟು ಜಟ್ಟಿಗಳು, ಒತ್ತಲು ಆರು ಬಟನ್‌ಗಳು. ಮೂರು ಗುದ್ದಿಗೆ, ಮೂರು ಒದೆಗೆ. ಹಗುರ, ಮಧ್ಯಮ, ಬಲ ಎಂಬ ಮೂರು ತೂಕ. ಈ ಆಟದ ಜೀವ ಇರುವುದು ಇಬ್ಬರ ನಡುವಿನ ಅಂತರದಲ್ಲಿ. ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಕಾಲುವೃತ್ತದಷ್ಟು ಹೊರಳಿಸಿ ಗುದ್ದಿನ ಬಟನ್ ಒತ್ತಿದರೆ ಎಂಟು ಜಟ್ಟಿಗಳಲ್ಲೊಬ್ಬನಾದ ರ್‍ಯು ಬೆಂಕಿಯುಂಡೆ ಬಿಡುತ್ತಾನೆ. ಎದುರಾಳಿ ಅದನ್ನು ತಡೆದರೆ ಇದ್ದಲ್ಲೇ ಉಳಿಯುತ್ತಾನೆ. ಹಾರಿದರೆ ಅವನ ಗದ್ದಕ್ಕೆ ಮೇಲೇಳುವ ಗುದ್ದು ಕಾದಿರುತ್ತದೆ. ಉಂಡೆಯ ಉದ್ದೇಶ ಹೊಡೆಯುವುದಕ್ಕಿಂತ ಹೆಚ್ಚಾಗಿ ಅವನನ್ನು ಹಾರಿಸುವುದು. ನಮ್ಮ ದೇಶದವನೆಂದು ಬಿಂಬಿತನಾದ ಧಾಲ್ಸಿಮ್‌ನನ್ನೇ ನೋಡಿ. ಕೊರಳಲ್ಲಿ ತಲೆಬುರುಡೆಯ ಸರ ಹಾಕಿ, ಬಾಯಿಂದ ಬೆಂಕಿ ಉಗುಳುವ ಆ ಯೋಗಿಯ ಚಿತ್ರಣ ಅಗ್ಗದ್ದೇ. ಆದರೆ ಕೈಕಾಲು ರಬ್ಬರಿನಂತೆ ನೀಳುವ ಅವನು ಕಣಕ್ಕಿಳಿದೊಡನೆ ಅಂತರದ ಲೆಕ್ಕವೆಲ್ಲ ಬದಲಾಗುತ್ತದೆ. ಆಟದ ರಚನೆಯಾಗಿ ಅದು ಜಾಣ ಕಲ್ಪನೆ.

ನಾಮ್ಕೋದ ‘ಟೆಕ್ಕೆನ್’ (1994) ಹಿಡಿದದ್ದು ಬೇರೆಯೇ ದಾರಿ. ಇಲ್ಲಿ ನಾಲ್ಕೇ ಬಟನ್: ಎಡಗೈ, ಬಲಗೈ, ಎಡಗಾಲು, ಬಲಗಾಲು. ‘ಟೆಕ್ಕೆನ್ 3’ರಲ್ಲಿ (1997) ಎಲ್ಲ ಪಾತ್ರಗಳಿಗೂ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಅವಕಾಶ ಬಂತು, ಕಾಳಗಕ್ಕೆ ಮೂರನೆಯ ದಿಕ್ಕು ಸಿಕ್ಕಿತು. ಅದೇ ಆಟದ ಎಡ್ಡಿ ಗೋರ್ಡೋನನ್ನು ಆರಿಸಿಕೊಂಡು ಒದೆಯ ಬಟನ್‌ಗಳನ್ನು ಸುಮ್ಮನೆ ಕುಟ್ಟಿದರೂ ಬ್ರೆಜಿಲಿನ ಸಮರಕಲೆಯಾದ ಕಪೋಯೇರಾದ ಕುಣಿತ ಸೊಗಸಾಗಿಯೇ ಹೊಮ್ಮುತ್ತದೆ, ಹೊಸಬನ ಎದುರು ಗೆಲುವೂ ಸಿಗುತ್ತದೆ. ಬಲ್ಲವನ ಮುಂದೆ ಅದು ನಡೆಯುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಈಗಿನ ಟೆಕ್ಕೆನ್ ಆಟಗಳಲ್ಲಿ ಸಾಮಾನ್ಯ ಗುದ್ದು 10 ಫ್ರೇಮ್‌ಗಳಲ್ಲಿ ತಗಲುತ್ತದೆ. ಎದುರಾಳಿಯ ಯಾವ ಹೊಡೆತವನ್ನು ತಡೆದರೆ ಅವನು ಅಷ್ಟು ಹೊತ್ತು ಬಯಲಾಗುತ್ತಾನೆ ಎಂಬುದು ಗೊತ್ತಿರಬೇಕು. ಒಬ್ಬೊಬ್ಬ ಜಟ್ಟಿಗೂ ನೂರರ ಆಸುಪಾಸು ಪಟ್ಟುಗಳಿವೆ. ನಿಮ್ಮವನದನ್ನು ಕಲಿತರೆ ಸಾಲದು, ಎದುರಿನವನದೂ ಬಾಯಿಪಾಠವಾಗಿರಬೇಕು. 2019ರಲ್ಲಿ ಫೈಟಿಂಗ್ ಗೇಮ್‌ಗಳ ದೊಡ್ಡ ಪಂದ್ಯಾವಳಿಗಳಾದ ಇವೊ ಜಪಾನ್ ಮತ್ತು ಅಮೆರಿಕದ ಇವೊ ಎರಡರಲ್ಲೂ ‘ಟೆಕ್ಕೆನ್ 7’ ಗೆದ್ದ ಲಾಹೋರಿನ ಅರ್ಸಲಾನ್ ಆಶ್ ಬಟನ್ ಕುಟ್ಟಿ ಅಲ್ಲಿಗೆ ಮುಟ್ಟಿದವರಲ್ಲ.

ಇನ್ನೆರಡು ಆಟಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ‘ಮಾರ್ಟಲ್ ಕಾಂಬ್ಯಾಟ್’ (1992) ತಡೆಗೇ ಒಂದು ಬಟನ್ ಮೀಸಲಿಟ್ಟಿತು. ಆದರೆ ಹೆಸರಾದದ್ದು ರಕ್ತಪಾತಕ್ಕೆ. 1993ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಯಲು, ಮರುವರ್ಷ ಗೇಮ್‌ಗಳಿಗೆ ವಯೋಮಿತಿ ನಿಗದಿ ಮಾಡುವ ಮಂಡಳಿ ಹುಟ್ಟಲು ಅದೂ ಕಾರಣವಾಯಿತು. ನಿಂಟೆಂಡೋದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ನಲ್ಲಿ (1999) ಪ್ರಾಣದ ಪಟ್ಟಿಯೇ ಇಲ್ಲ; ಎದುರಾಳಿಯನ್ನು ಕಣದಿಂದ ಆಚೆ ಹಾರಿಸಬೇಕು. ಇದು ಫೈಟಿಂಗ್ ಗೇಮೇ ಅಲ್ಲ ಎನ್ನುವವರು ಈಗಲೂ ಇದ್ದಾರೆ. ಅದರ 2001ರ ‘ಮೆಲೀ’ ಆವೃತ್ತಿ ಇಪ್ಪತ್ತು ವರ್ಷ ದಾಟಿದರೂ ಪಂದ್ಯಗಳಲ್ಲಿ ನಡೆಯುತ್ತಿರುವುದೇ ಅವರಿಗೆ ಉತ್ತರ.

ಯಕ್ಷಗಾನದಲ್ಲಿ ತೆಂಕುತಿಟ್ಟು ಮೆಚ್ಚುವವರಿದ್ದಾರೆ, ಬಡಗುತಿಟ್ಟು ಮೆಚ್ಚುವವರಿದ್ದಾರೆ. ತಿಟ್ಟು ಯಾವುದಾದರೂ ತಾಳ ತಪ್ಪಿದ ಕುಣಿತವನ್ನು ಯಾರೂ ಅಭಿರುಚಿಯ ಹೆಸರಿನಲ್ಲಿ ಸಮರ್ಥಿಸುವುದಿಲ್ಲ. ಇಲ್ಲೂ ಅದೇ ಅಳತೆ ಸಲ್ಲಬೇಕು. ದೂರದ ಕಾಳಗ ಬೇಕೋ ಹತ್ತಿರದ್ದು ಬೇಕೋ ಎನ್ನುವುದು ಇಷ್ಟದ ಮಾತು. 2016ರಲ್ಲಿ ‘ಸ್ಟ್ರೀಟ್ ಫೈಟರ್ 5’ ಕಂಪ್ಯೂಟರಿನ ಎದುರು ಒಬ್ಬರೇ ಆಡುವ ಆರ್ಕೇಡ್ ಮೋಡ್ ಕೂಡ ಇಲ್ಲದೆ ಮಾರಾಟಕ್ಕೆ ಬಂದದ್ದು, ಅದು ಸೇರಲು 2018ರ ತನಕ ಕಾಯಬೇಕಾದದ್ದು ದೋಷ. 2024ರ ಜನವರಿಯಲ್ಲಿ ಬಂದ ‘ಟೆಕ್ಕೆನ್ 8’ ವಿಮರ್ಶೆಗಳೆಲ್ಲ ಮುಗಿದ ಮೇಲೆ, ತಿಂಗಳು ಕಳೆದು, ಪೂರ್ತಿ ಬೆಲೆ ಕೊಟ್ಟವರೆದುರೇ ವೇಷಭೂಷಣದ ಅಂಗಡಿ ತೆರೆದದ್ದೂ ದೋಷ. ಇವನ್ನು ಎತ್ತಿ ಹೇಳಿದರೆ ಅಭಿಮಾನಿಗೆ ಅವಮಾನವಾಗುವುದಿಲ್ಲ. ಹಣ ತೆತ್ತವನು ಅವನೇ ತಾನೆ?

ಆಟಗಾರರ ಭಿನ್ನ ಒಲವನ್ನು ಮಾತಿನಲ್ಲಿ ಗೌರವಿಸುವುದು ಸುಲಭ. ಆಟದ ಒಳಗೇ ಅದಕ್ಕೆ ಜಾಗ ಮಾಡಿಕೊಡುವುದು ಕಷ್ಟ. ‘ಸ್ಟ್ರೀಟ್ ಫೈಟರ್ 6’ (2023) ಆ ಕಷ್ಟದ ಕೆಲಸ ಮಾಡಿದೆ. ಅದರ ‘ಮಾಡರ್ನ್’ ವಿಧಾನದಲ್ಲಿ ಕಾಲುವೃತ್ತದ ಕಸರತ್ತಿಲ್ಲ. ಒಂದು ದಿಕ್ಕು, ಒಂದು ಬಟನ್, ಪಟ್ಟು ಹೊರಬೀಳುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಹಾಗೆ ಹೊರಟ ಪಟ್ಟಿನ ಪೆಟ್ಟು ಶೇ. 20ರಷ್ಟು ಕಡಿಮೆ, ಕೆಲವು ಹೊಡೆತಗಳು ಸಿಗುವುದೇ ಇಲ್ಲ. ಹಳಬರು ‘ಕ್ಲಾಸಿಕ್’ನಲ್ಲೇ ಉಳಿಯಬಹುದು. ಇಬ್ಬರೂ ಒಂದೇ ಕಣದಲ್ಲಿ, ದೊಡ್ಡ ಪಂದ್ಯಗಳಲ್ಲಿ ಕೂಡ, ಎದುರುಬದುರಾಗುತ್ತಾರೆ. ಹಾರಿ ಬಂದವನನ್ನು ಒಂದೇ ಬಟನ್ನಿನಿಂದ ಕೆಡಹುವುದು ಅನ್ಯಾಯ ಎಂಬ ದೂರಿನಲ್ಲಿ ತಿರುಳಿದೆ. ಆದರೂ ತಕ್ಕಡಿ ಸುಮಾರಾಗಿ ಸಮವಾಗಿಯೇ ನಿಂತಿದೆ. ‘ಟೆಕ್ಕೆನ್ 8’ರ ‘ಸ್ಪೆಷಲ್ ಸ್ಟೈಲ್’ ಇದೇ ಆಸೆಯದು. ಪಂದ್ಯದ ನಡುವೆಯೇ ಅದನ್ನು ಹಾಕಿ ತೆಗೆಯಬಹುದು. ಆದರೆ ಕೈಗೆ ಸಿಗುವ ಪಟ್ಟುಗಳು ಬೆರಳೆಣಿಕೆಯವು. ಕಲಿಯುವವನಿಗೆ ಅದು ಮೊದಲ ಮೆಟ್ಟಿಲಾದೀತು, ಅದರಲ್ಲೇ ಬಹುದೂರ ಹೋಗಲಾಗದು.

ಈ ಒಂದು ಕಾರಣಕ್ಕೆ ಇವೆರಡರಲ್ಲಿ ‘ಸ್ಟ್ರೀಟ್ ಫೈಟರ್ 6’ ಹೆಚ್ಚು ಯೋಚಿಸಿ ಕಟ್ಟಿದ ಆಟ ಎನ್ನುತ್ತೇನೆ. ಟೆಕ್ಕೆನ್‌ನ ಮೈಗೆ ಮೈ ತಾಗುವ ಹೊಡೆದಾಟವೇ ಬೇಕೆನ್ನುವವರಿಗೆ ಈ ತೀರ್ಪು ಮುಖ್ಯವಾಗಬೇಕಿಲ್ಲ. ಅವರಿಗೆ ಬೇಕಾದದ್ದು ‘ಸ್ಟ್ರೀಟ್ ಫೈಟರ್ 6’ರಲ್ಲಿ ಸಿಗುವುದೂ ಇಲ್ಲ. ಆದರೆ ಇನ್ನೊಂದು ಆಟವನ್ನು ಹಳಿಯುವ ಮೊದಲು ಅದನ್ನು ಬಲ್ಲವರೊಬ್ಬರ ಎದುರು ಕುಳಿತು ಒಂದಷ್ಟು ಸುತ್ತು ಸೋತು ನೋಡಿ. ಆಮೇಲೆ ಹೇಳುವ ಮಾತಿಗೆ ತೂಕವಿರುತ್ತದೆ.