ಕ್ಯಾಸೆಟ್ಟಿನ ಎರಡನೆಯ ಬದಿ



ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನೊಳಗೋ ಇನ್ನೂ ಕೆಲವು ಕ್ಯಾಸೆಟ್ಟುಗಳು ಉಳಿದಿರಬಹುದು. ಅವನ್ನು ಹೊರಗೆಸೆಯುವ ಮುನ್ನ ಒಮ್ಮೆ ಎರಡನೆಯ ಬದಿಯನ್ನು ಕೇಳಿರೆಂದು ಬಿನ್ನವಿಸುತ್ತೇನೆ. ಹೆಸರಾಗಬಲ್ಲ ಹಾಡು ಸಾಮಾನ್ಯವಾಗಿ ಮೊದಲ ಬದಿಯ ಮೊದಲಿಗೇ ಇರುತ್ತಿತ್ತು. ಅರ್ಧ ಗಂಟೆಯ ಬಳಿಕ ಕ್ಯಾಸೆಟ್ಟನ್ನು ತಿರುವಿ ಹಾಕುವ ತಾಳ್ಮೆಯುಳ್ಳವರಿಗಷ್ಟೇ ಮಿಕ್ಕವು ದಕ್ಕುತ್ತಿದ್ದವು.

ಎಂಬತ್ತರ ದಶಕದ ಕನ್ನಡ ಹಾಡೆಂದೊಡನೆ 1987ರ ‘ಪ್ರೇಮಲೋಕ’ ನೆನಪಿಗೆ ಬರುತ್ತದೆ. ಅದು ಸಹಜವೇ. ಹುಡುಗ ಹುಡುಗಿಯರ ಕೀಟಲೆ, ಜಗಳ, ಪ್ರಶ್ನೋತ್ತರಗಳನ್ನೇ ಹಂಸಲೇಖ ಅವರು ಹಾಡಾಗಿಸಿದರು. ಆದರೆ ಆ ಗೆಲುವಿನ ನೆರಳು ಅದರ ಹಿಂದಿನ ವರ್ಷಗಳ ಮೇಲೆ ದಟ್ಟವಾಗಿ ಬಿದ್ದಿತು. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಕ್ಕೆ ಇಳಯರಾಜ ನೀಡಿದ ಒಂದು ರಾಗವು ಮುಂದೆ ಮೊಬೈಲ್ ಕಂಪನಿಯ ಜಾಹೀರಾತಿನಿಂದ ದೇಶಕ್ಕೆಲ್ಲ ಪರಿಚಯವಾಯಿತು. ಅದೇ ಚಿತ್ರದ ‘ಹೃದಯ ರಂಗೋಲಿ’ ಮಾತ್ರ ಬದಿಯಲ್ಲೇ ಉಳಿಯಿತು. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985) ಚಿತ್ರದ್ದು ಇನ್ನೂ ವಿಚಿತ್ರ ಸ್ಥಿತಿ. ಅಮಲೇರಿದ ಸ್ಥಿತಿಯಲ್ಲಿ ಕಾರು ಓಡಿಸಿ, ರಸ್ತೆ ಬದಿ ಮಲಗಿದ್ದ ಬಡವರನ್ನು ಕೊಂದ ರಾಜಕಾರಣಿಯ ಮಗನ ಕಥೆಯದು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು, ಸಂಗೀತ ಇಳಯರಾಜರದೇ. ಆದರೂ ಹಾಡಿನ ಮಾತು ಬಂದಾಗ ಅದನ್ನು ನೆನೆಯುವವರು ವಿರಳ.

ಸಿನಿಮಾದ ವಿಷಯ ಇಷ್ಟು ಸಾಕು. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಬೇರೊಂದು ಬಗೆಯ ಕ್ಯಾಸೆಟ್ಟುಗಳ ಬಳಿ.

ಅಮೆರಿಕದ ಕರಿಯ ಜನರ ‘ಸೋಲ್’ ಸಂಗೀತ ಹುಟ್ಟಿದ್ದು ದೇವಾಲಯದ ಹಾಡಿಕೆಯ ಮಡಿಲಲ್ಲಿ. ಅದರ ಮಹಾಗಾಯಕಿ ಅರೀತಾ ಫ್ರ್ಯಾಂಕ್ಲಿನ್ ಅವರ ತಂದೆ ಡೆಟ್ರಾಯಿಟ್ ನಗರದ ಬ್ಯಾಪ್ಟಿಸ್ಟ್ ಸಭೆಯೊಂದರ ಪಾಲಕರು; ಮಗಳು ಮೊದಲು ಹಾಡಿದ್ದು ಅಲ್ಲಿಯೇ. ಪ್ರಾರ್ಥನೆಯ ದನಿ ಪೇಟೆಗಿಳಿದಾಗ ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬ ಚರ್ಚೆ ಆ ನಾಡಿನಲ್ಲಿ ಬಹಳ ನಡೆದಿದೆ. ನಮ್ಮಲ್ಲಿಯೂ ಅಂಥದೇ ಒಂದು ಸಂಗತಿ ನಡೆಯಿತು. ಶಿಶುನಾಳದ ಶರೀಫರ (1819–1889) ತತ್ವಪದಗಳು ಭಜನೆಯ ಮೇಳಗಳಿಂದ ಹೊರಟು, ಎಂಬತ್ತರ ದಶಕದಲ್ಲಿ ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳ ಮೂಲಕ ನಾಡಿನ ಮನೆಮನೆಗೂ ಬಂದವು. ಅಶ್ವತ್ಥರ ಉಪಕಾರ ದೊಡ್ಡದು. ಆದರೆ ಅವರ ಏರುದನಿ, ತುಂಬು ವಾದ್ಯಮೇಳಗಳ ನಡುವೆ ತತ್ವಪದದ ಗುಟ್ಟುಮಾತಿನ ಗುಣ ಒಂದಿಷ್ಟು ಸೋರಿಹೋಯಿತೆಂದೇ ನನ್ನ ಅಭಿಪ್ರಾಯ. ತತ್ವಪದವು ಸಭೆಯನ್ನು ಬಡಿದೆಬ್ಬಿಸುವುದಿಲ್ಲ. ಪಕ್ಕದಲ್ಲಿ ಕುಳಿತವನ ಕಿವಿಯಲ್ಲಿ ಒಗಟನ್ನಿಟ್ಟು ಸುಮ್ಮನಾಗುತ್ತದೆ.

ಆ ಗುಣವನ್ನು ಅರಿಯಬೇಕಾದರೆ ಹುಕ್ಕೇರಿ ಬಾಳಪ್ಪನವರನ್ನು (1911–1992) ಕೇಳಬೇಕು. ನಮ್ಮ ಸಿರಸಂಗಿಯ ಸೀಮೆಯ ಮುರಗೋಡದವರಾದ ಅವರನ್ನು ಜನ ‘ಸಾವಿರ ಹಾಡಿನ ಸರದಾರ’ ಎಂದು ಕರೆದರು. ಧಾರವಾಡ ಆಕಾಶವಾಣಿಯ ಶ್ರೋತೃಗಳಿಗೆ ಅವರು ಮನೆಯವರಂತೆ. ಅವರ ಹಾಡಿಕೆಯಲ್ಲಿ ಪದವೇ ಮುಂದೆ, ವಾದ್ಯ ಹಿಂದೆ. ‘ಳ’ಕಾರವನ್ನು ಹೊಲದಲ್ಲಿ ನುಡಿದಂತೆಯೇ ನುಡಿಯುತ್ತಾರೆ, ನಯಗೊಳಿಸುವುದಿಲ್ಲ. ಹೊಸ ಸದ್ದು ಬಯಸುತ್ತಿದ್ದ ಆ ದಶಕಕ್ಕೆ ಇದು ಹಳತೆನಿಸಿತು. ಇಂದು ಸಿರಸಂಗಿಯಲ್ಲೇ ಕಾಳಿಕಾದೇವಿ ಜಾತ್ರೆಗೆ ಬಂದ ತರುಣರನ್ನು ಕೇಳಿ ನೋಡಿರಿ. ಅಶ್ವತ್ಥರ ಹೆಸರು ಬಂದೀತು, ಬಾಳಪ್ಪನವರದು ಬರುವುದು ಕಷ್ಟ.

ಇನ್ನು ‘ರ‍್ಯಾಪ್’. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಮುದ್ರಿಕೆ ಬಂದ ಮೇಲೆ, ಮಾತಿನ ಓಟವನ್ನೇ ತಾಳಕ್ಕೆ ಕಟ್ಟುವ ಈ ಪದ್ಧತಿ ಜಗತ್ತಿಗೆ ಹೊಸತೆನಿಸಿತು. ದಪ್ಪು, ತುಂತುಣಿ, ತಾಳ ಹಿಡಿದು ಎದುರಾಳಿಯನ್ನು ಮಾತಿನಲ್ಲೇ ಕಟ್ಟಿಹಾಕುವ ಹರದೇಶಿ-ನಾಗೇಶಿ ಮೇಳಗಳ ನಾಡಿನವರಿಗೆ ಅದು ಅಪರಿಚಿತವೆನಿಸಬೇಕಿರಲಿಲ್ಲ. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿಗಳು ಸ್ವಾತಂತ್ರ್ಯ ಚಳವಳಿಯ ಮಾತನ್ನು ಹಳ್ಳಿಗಳಿಗೆ ಮುಟ್ಟಿಸಿದ್ದು ಗೀಗೀ ಪದಗಳಿಂದಲೇ. ಎರಡೂ ಒಂದೇ ಎನ್ನುವುದು ಅತಿಯಾದೀತು. ನಮ್ಮ ಮೇಳಗಳು ವಾದಿಸುತ್ತಿದ್ದುದು ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು, ನ್ಯೂಯಾರ್ಕಿನ ಹುಡುಗರ ಅಳಲು ಬೇರೆಯೇ.

ಕ್ಯಾಸೆಟ್ಟಿನ ಪಟ್ಟಿಗೆ ಲೇಪಿಸಿದ ಕಾಂತಪುಡಿ ವರ್ಷ ಕಳೆದಂತೆ ಉದುರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹೆಸರಾದ ಹಾಡುಗಳು ಆಗಲೇ ಕಂಪ್ಯೂಟರಿಗೆ ಏರಿ ಕುಳಿತಿವೆ. ಹೆಸರಾಗದವುಗಳ ಪೈಕಿ ಕೆಲವಕ್ಕೆ ನಿಮ್ಮ ಟ್ರಂಕಿನಲ್ಲಿರುವುದೇ ಕೊನೆಯ ಪ್ರತಿಯಾಗಿರಬಹುದು. ಹಳೆಯ ಟೇಪ್ ರೆಕಾರ್ಡರ್ ಇನ್ನೂ ಓಡುತ್ತಿದ್ದರೆ ತಡಮಾಡಬೇಡಿರಿ. ಪಟ್ಟಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ನಿಧಾನವಾಗಿ ಸುತ್ತಿರಿ.