ಗೆಳೆಯನ ಕಿವಿಯಿಂದ ಕೇಳುವುದು

ಕರ್ನಾಟಕ ಸಂಗೀತವನ್ನು ಕೇಳುವುದಕ್ಕೆ ನಾನು ಕಲಿತದ್ದು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ. ಕಲಿಸಿದವನು ಹಿರಿಯೂರಿನ ಗೆಳೆಯ. ಇಯರ್‌ಫೋನಿನ ಒಂದು ತುದಿ ಅವನ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ. ಶ್ಯಾಮಾಶಾಸ್ತ್ರಿಗಳ ಭೈರವಿ ಸ್ವರಜತಿ ಹಾಕಿದ. ‘ಇದು ತೆಲುಗು, ಅರ್ಥ ಆಮೇಲೆ ನೋಡೋಣ. ಒಂದೊಂದು ಚರಣ ಎಲ್ಲಿಂದ ಏಳುತ್ತೆ, ಅದನ್ನಷ್ಟೇ ಗಮನಿಸ್ಲೇ’ ಅಂದ. ಅನ್ನುತ್ತಲೇ ನನ್ನ ತೊಡೆಯ ಮೇಲೆ ಬೆರಳಿನಿಂದ ತಟ್ಟತೊಡಗಿದ: ತಕಿಟ, ತಕಧಿಮಿ. ಮೂರು, ನಾಲ್ಕು. ಏಳೆಣಿಕೆಯ ಮಿಶ್ರಛಾಪು ತಾಳ. ಮೊದಲ ಚರಣ ಕೆಳಗಿನ ಷಡ್ಜದಿಂದ ಶುರುವಾಯಿತು, ಎರಡನೆಯದು ರಿಷಭದಿಂದ, ಮೂರನೆಯದು ಗಾಂಧಾರದಿಂದ. ಹೀಗೆ ಒಂದೊಂದು ಸ್ವರ ಏರುತ್ತಾ ಎಂಟನೆಯದು ಮೇಲಿನ ಷಡ್ಜದಲ್ಲಿ ನಿಂತಿತು. ಮೊದಲ ಸಲ ಅರ್ಧಕ್ಕೇ ತಪ್ಪಿಹೋಯಿತು. ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಎರಡನೇ ಸಲ ಹಾಕಿದ. ದುರ್ಗದ ಬೆಟ್ಟ ಕಾಣುವ ಹೊತ್ತಿಗೆ ಮೂರನೇ ಸಲ. ಆಗ ಎಂಟೂ ಮೆಟ್ಟಿಲು ನನ್ನ ಕಿವಿಗೇ ಸಿಕ್ಕವು.

ಅಲ್ಲಿಯವರೆಗೆ ಶಾಸ್ತ್ರೀಯ ಸಂಗೀತ ನನ್ನ ಪಾಲಿಗೆ ಮದುವೆ ಮನೆಯಲ್ಲಿ ಮಾತಿನ ನಡುವೆ ಕೇಳಿಬರುವ ಸದ್ದಾಗಿತ್ತು. ಅವನು ಅದನ್ನು ಹೊಗಳಲಿಲ್ಲ, ‘ಮಹಾನ್ ಕೃತಿ’ ಎನ್ನಲಿಲ್ಲ. ಎಲ್ಲಿ ಕಿವಿಯಿಡಬೇಕು ಎಂದು ತೋರಿಸಿದ, ಅಷ್ಟೇ. ಹೊಸದಾಗಿ ಕೇಳಲು ಹೊರಟವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಯಾರಾದರೂ ‘ಸಖತ್ತಾಗಿದೆ, ಕೇಳು’ ಅಂದರೆ ಅಲ್ಲಿಗೇ ಬಿಡಬೇಡಿ. ‘ನಿನಗೆ ಎಲ್ಲಿ ಹಿಡಿಸಿತು?’ ಎಂದು ಕೇಳಿ. ಎಷ್ಟನೇ ನಿಮಿಷ, ಯಾವ ಸಾಲು, ಯಾವ ಮಾತಿನ ನಂತರದ ಮೌನ? ಆ ಜಾಗ ಗೊತ್ತಾದರೆ ಉಳಿದದ್ದಕ್ಕೆ ದಾರಿ ತಾನಾಗಿ ಸಿಗುತ್ತದೆ. ಫೋನು ಕೂಡ ದಿನಕ್ಕೆ ಹತ್ತು ಹಾಡು ಸೂಚಿಸುತ್ತದೆ, ಆದರೆ ನೀವು ನಿನ್ನೆ ಕೇಳಿದ್ದನ್ನೇ ಹೋಲುವ ಹಾಡುಗಳನ್ನು. ನೀವು ಎಂದೂ ಕೇಳದಿದ್ದುದನ್ನು ತಂದು, ಪಕ್ಕದಲ್ಲಿ ಕೂತು ತಾಳ ಹಾಕುವವನು ಗೆಳೆಯ.

ಭೈರವಿಯಿಂದಲೇ ಶುರುಮಾಡಿದ್ದಕ್ಕೆ ಅವನಲ್ಲೊಂದು ಕಾರಣವಿತ್ತು. ಅದು ನಮ್ಮ ಊರಿನ ರಾಗ. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆಯನ್ನು ತ.ರಾ.ಸು. ‘ಹಂಸಗೀತೆ’ ಕಾದಂಬರಿಯಾಗಿ ಬರೆದರು. ದೊರೆಯ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ಗಾಯಕನ ಕಥೆ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಸಿನಿಮಾ ಮಾಡಿದರು, ವೆಂಕಟಸುಬ್ಬಯ್ಯನಾಗಿ ಅನಂತನಾಗ್ ನಟಿಸಿದರು, ಎಂ. ಬಾಲಮುರಳಿಕೃಷ್ಣ ಹಾಡಿದರು. ಬಾಲಮುರಳಿ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂದದ್ದು ಈ ಚಿತ್ರಕ್ಕೇ. ಅದಕ್ಕೂ ಮೊದಲು, 1956ರಲ್ಲಿ, ಇದೇ ಕಾದಂಬರಿಯ ಎಳೆ ಹಿಡಿದು ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತ್ತು. ಅದರಲ್ಲಿ ಆಸ್ಥಾನದ ಸ್ಪರ್ಧೆಯ ಹಾಡೊಂದಿದೆ. ಗೆಲ್ಲುವ ನಾಯಕನಿಗೆ ದನಿ ಕೊಟ್ಟವರು ಮನ್ನಾ ಡೇ, ಸೋಲುವ ವಿದ್ವಾಂಸನಿಗೆ ದನಿ ಕೊಟ್ಟವರು ನಮ್ಮ ಗದಗ ಸೀಮೆಯ ಭೀಮಸೇನ ಜೋಶಿ. ಜೋಶಿಯವರ ಎದುರು ಹಾಡಿ ಗೆಲ್ಲಬೇಕಲ್ಲ ಎಂದು ಮನ್ನಾ ಡೇ ಅಂಜಿದ್ದರಂತೆ. ಸ್ವರಜತಿ, ಈ ಎರಡು ಚಿತ್ರಗಳ ಹಾಡು, ಮೂರನ್ನೂ ಗೆಳೆಯ ಒಂದು ವಾರದಲ್ಲಿ ಕೇಳಿಸಿದ. ಕೋಟೆಯ ಒಂದು ಕಥೆಯ ಬಾಲ ಹಿಡಿದು ಮದರಾಸು, ಮುಂಬಯಿ, ಗದಗ ಎಲ್ಲ ಸುತ್ತಿ ಬಂದೆವು. ನೀವೂ ಹೀಗೆ ನಿಮ್ಮ ಊರಿನದ್ದೊಂದು ಎಳೆಯಿಂದ ಶುರುಮಾಡಿ. ಗುರುತಿನ ಜಾಗದಿಂದ ಹೊರಟ ಕಿವಿ ದೂರ ಹೋಗುತ್ತದೆ, ಬೇಗ ದಣಿಯುವುದೂ ಇಲ್ಲ.

ಇಲ್ಲೊಂದು ಎಚ್ಚರಿಕೆ. ಕರ್ನಾಟಕ ಸಂಗೀತದ ಭೈರವಿ ಬೇರೆ, ಹಿಂದೂಸ್ತಾನಿಯ ಭೈರವಿ ಬೇರೆ. ಹೆಸರು ಒಂದೇ ಎಂದು ಎರಡನ್ನೂ ಒಟ್ಟಿಗೆ ಹಾಕಿಕೊಂಡು ನಾನು ಗಲಿಬಿಲಿಗೊಂಡಿದ್ದೇನೆ. ನಮ್ಮ ಭೈರವಿಯಲ್ಲಿ ಎರಡು ಧೈವತಗಳಿವೆ. ಏರುವಾಗ ಮೇಲಿನದು, ಇಳಿಯುವಾಗ ಕೆಳಗಿನದು. ಆ ಇಳಿಯುವ ಧೈವತದ ಹತ್ತಿರ ರಾಗ ತುಸು ಬಾಗಿ ನಡುಗುತ್ತದೆ. ಅದನ್ನು ಒಮ್ಮೆ ಗುರುತಿಸಿದರೆ ಯಾರು ಹಾಡಿದರೂ ಭೈರವಿ ಎಂದು ಹೇಳಬಲ್ಲಿರಿ.

ಈಗ ನಗೆಯ ವಿಷಯ. ಸಂಗೀತ ಕೇಳಲು ಕಲಿಯಬೇಕು ಎಂದರೆ ಎಲ್ಲರೂ ಒಪ್ಪುತ್ತಾರೆ. ಹಾಸ್ಯ ಕೇಳಲೂ ಕಲಿಯಬೇಕು ಎಂದರೆ ಹುಬ್ಬೇರಿಸುತ್ತಾರೆ. ಆದರೆ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಅರ್ಧ ನಿಮಿಷದ ತುಣುಕಿನಲ್ಲಿ ನೋಡಿದವರಿಗೆ ಅವರ ಕಸುಬು ಕಾಣುವುದಿಲ್ಲ. ಅವರು ನಾಟಕದ ಮಾತಿನಿಂದ ಮೆಲ್ಲಗೆ ಹೊರಗೆ ಬರುತ್ತಿದ್ದರು, ಸಭೆಯ ಕಡೆ ತಿರುಗಿ ಅಂದಂದಿನ ರಾಜಕೀಯವನ್ನು ಎತ್ತಿಕೊಳ್ಳುತ್ತಿದ್ದರು, ಜನ ನಕ್ಕು ಸುಸ್ತಾಗುವ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಪಾತ್ರದೊಳಗೆ ಹೋಗಿಬಿಡುತ್ತಿದ್ದರು. ಆ ಹೊರಬರುವ ಗಳಿಗೆಯನ್ನೂ ಒಳಹೋಗುವ ಗಳಿಗೆಯನ್ನೂ ಹಿಡಿಯಿರಿ. ದನಿ ಎಲ್ಲಿ ಬದಲಾಯಿತು? ನಗು ನಿಲ್ಲುವವರೆಗೆ ಕಾದರೋ, ನಗುವಿನ ಮೇಲೇ ಮುಂದಿನ ಮಾತು ಹಾಕಿದರೋ? ಹಿರಣ್ಣಯ್ಯನವರು 2019ರಲ್ಲಿ ತೀರಿಕೊಂಡರು. ಅವರ ನಾಟಕಗಳ ಧ್ವನಿಮುದ್ರಣ ಉಳಿದಿದೆ. ಕಣ್ಣು ಮುಚ್ಚಿ ಕೇಳಿದರೆ ಸಭೆಯ ನಗು ಕೂಡ ನಾಟಕದ ಒಂದು ಪಾತ್ರವೇ ಎಂದು ಗೊತ್ತಾಗುತ್ತದೆ.

ಆಮೇಲೆ ಗಂಗಾವತಿ ಪ್ರಾಣೇಶ್. ಬೀಚಿಯವರ ನಗೆಯನ್ನು ವೇದಿಕೆಗೆ ತಂದವರು. ಅವರ ಮಾತಿನ ಲಯ ತುಂಗಭದ್ರೆಯ ಆಚೆಯದು. ಚಿತ್ರದುರ್ಗದವರಿಗೆ ಇಲ್ಲೊಂದು ಅನುಕೂಲವಿದೆ: ನಾವು ಎರಡು ಸೀಮೆಗಳ ನಡುವೆ ಇದ್ದೇವೆ, ಆ ಕಡೆಯ ‘ಹೌದ್ರೀ’ಯೂ ಈ ಕಡೆಯ ‘ಹೌದು ಕಣೋ’ ಕೂಡ ನಮ್ಮ ಸಂತೆಯಲ್ಲಿ ಕೇಳುತ್ತವೆ. ಹಾಗಾಗಿ ಹಳೇ ಮೈಸೂರಿನ ನಗೆಯೂ ಉತ್ತರದ ನಗೆಯೂ ನಮಗೆ ಪರಕೀಯವಲ್ಲ. ಇತ್ತೀಚೆಗೆ ಬೆಂಗಳೂರಿನ ಹುಡುಗರು ಸ್ಟ್ಯಾಂಡಪ್ ಎಂದು ಕನ್ನಡದಲ್ಲೇ ಒಬ್ಬರೇ ನಿಂತು ನಗಿಸುತ್ತಿದ್ದಾರೆ. ಅನೂಪ್ ಮಯ್ಯ, ನಿರೂಪ್ ಮೋಹನ್, ಪವನ್ ವೇಣುಗೋಪಾಲ್ ಮೊದಲಾದವರ ‘ಲೋಲ್‌ಬಾಗ್’ ತಂಡವನ್ನು ನನಗೆ ತೋರಿಸಿದವನೂ ಅದೇ ಗೆಳೆಯ. ಅಲ್ಲಿ ನೋಡಬೇಕಾದದ್ದು, ಶುರುವಿನಲ್ಲಿ ಸುಮ್ಮನೆ ಆಡಿ ಬಿಟ್ಟ ಒಂದು ಮಾತು ಕೊನೆಯಲ್ಲಿ ಹೇಗೆ ತಿರುಗಿ ಬರುತ್ತದೆ ಎಂಬುದನ್ನು. ಪೂರ್ತಿ ನೋಡದಿದ್ದರೆ ಆ ಸುಖ ತಪ್ಪಿತು. ಯಾವ ಹಾಸ್ಯವನ್ನೂ ತುಂಡು ಮಾಡಿ ನೋಡಬೇಡಿ ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಪಾಡ್‌ಕಾಸ್ಟ್ ಎಂಬ ಮಾತಿಗೆ ನಮ್ಮ ಕಡೆಯ ಹಿರಿಯರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಚಿತ್ರದುರ್ಗ ಆಕಾಶವಾಣಿಯ 102.6 ಕೇಳಿದವರು, ಭದ್ರಾವತಿ ಕೇಂದ್ರವನ್ನು ಹಿಡಿಯಲು ರೇಡಿಯೋದ ಕಿವಿ ಹಿಂಡಿದವರು ಎಲ್ಲರೂ ಇದಕ್ಕೆ ಸಿದ್ಧರಾದವರೇ. ಬಯಲಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು ತಾವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ? ಪಾಡ್‌ಕಾಸ್ಟ್ ನಡೆಸುವವನು ಆ ಸಾರಥಿಯೇ. ಸಾರಥಿ ಚುರುಕಾಗಿದ್ದರೆ ಸಾಧಾರಣ ಅತಿಥಿಯೂ ಬೆಳಗುತ್ತಾನೆ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ನಡೆಸಿಕೊಟ್ಟ ‘ತಲೆ-ಹರಟೆ’ಯಲ್ಲಿ ಈ ಸಾರಥಿಯನ್ನು ಕಾಣಬಹುದು. ತಿಳಿದವರನ್ನು ಕರೆದು ಬಿಗುಮಾನವಿಲ್ಲದ ಕನ್ನಡದಲ್ಲಿ ಮಾತಾಡಿಸುತ್ತಾರೆ. ಮೊದಲ ಸಲಕ್ಕೆ ನಿಮಗೆ ಮೊದಲೇ ಆಸಕ್ತಿಯಿರುವ ವಿಷಯದ ಕಂತನ್ನು ಆರಿಸಿ. ಕೈಗೆ ಕೆಲಸ ಕೊಡಿ: ಅವರೆಕಾಯಿ ಬಿಡಿಸುವುದು, ತೋಟಕ್ಕೆ ನೀರು ಕಟ್ಟುವುದು. ಸುಮ್ಮನೆ ಕೂತು ಕೇಳಿದರೆ ಮನಸ್ಸು ಜಾರುತ್ತದೆ.

ಗೆಳೆಯನ ಋಣವನ್ನು ನಾನು ತೀರಿಸಿದ್ದು ಸಿರಿಯಜ್ಜಿಯ ಮೂಲಕ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಕಾಡುಗೊಲ್ಲರ ಸಾವಿರಾರು ಪದಗಳು ಅವರ ನಾಲಿಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು, ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನು ಪುಸ್ತಕವಾಗಿಸಿದರು. ಅವರ ಹಾಡಿಕೆಯನ್ನು ಕೇಳಿಸಿದಾಗ ‘ಒಂದೇ ಧಾಟಿ ಮತ್ತೆ ಮತ್ತೆ ಬರುತ್ತೆ, ಬೇಸರ ಆಗಲ್ವಾ?’ ಎಂದು ಗೆಳೆಯ ಕೇಳಿದ. ಈ ಸಲ ದಾರಿ ತೋರಿಸುವ ಸರದಿ ನನ್ನದು. ಧಾಟಿ ಬದಲಾಗುವುದಿಲ್ಲ, ಅದು ನೆಲ. ಅದರ ಮೇಲೆ ನಡೆಯುವ ಮಾತನ್ನು ಕೇಳು, ಸಾಲಿನ ಕೊನೆಯಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ನೋಡು, ಸೊಲ್ಲು ಹಿಡಿಯುವವರು ಎಲ್ಲಿ ಕೂಡಿಕೊಳ್ಳುತ್ತಾರೆ ನೋಡು ಅಂದೆ. ಎರಡು ದಿನ ಬಿಟ್ಟು ಫೋನು ಮಾಡಿದ. ‘ಉಸಿರು ಸಿಕ್ತು ಕಣಲೇ’ ಅಂದ. ಅವನು ಕೊಟ್ಟದ್ದೆಲ್ಲಕ್ಕಿಂತ ಆ ಒಂದು ಮಾತು ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಆದ್ದರಿಂದ ಕೇಳಿದ ಮೇಲೆ ಗೆಳೆಯನಿಗೆ ತಿರುಗಿ ಹೇಳಿ. ಹಿಡಿಸಲಿಲ್ಲವಾದರೆ ಹಿಡಿಸಲಿಲ್ಲ ಎನ್ನಿ, ಯಾಕೆಂದೂ ಹೇಳಿ. ಮುಲಾಜಿಗೆ ಹೊಗಳಿದರೆ ಅವನು ಮುಂದೆ ತಪ್ಪಾದದ್ದನ್ನೇ ತರುತ್ತಾನೆ. ಆದರೆ ಒಂದೇ ಸಲಕ್ಕೆ ತಳ್ಳಿಹಾಕಬೇಡಿ. ಸಂಗೀತಕ್ಕೆ ಮೂರು ಸಲ, ಪಾಡ್‌ಕಾಸ್ಟಿಗೆ ಎರಡು ಕಂತು, ಹಾಸ್ಯಕ್ಕೆ ಒಂದು ಇಡೀ ಸಂಜೆ. ನಾನು ಹಾಕಿಕೊಂಡ ಲೆಕ್ಕ ಇದು.

ಹೆಡ್‌ಫೋನು ತೆಗೆದಿಟ್ಟು ಕೇಳುವ ಜಾಗವೂ ನಮ್ಮಲ್ಲಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಕಟ್ಟಿ ಬೆಳೆಸಿದ ಬಯಲು ರಂಗಮಂದಿರವಿದೆ. 1997ರಿಂದ ಅಲ್ಲಿಯ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುತ್ತಿದೆ. ಪ್ರತಿ ವರ್ಷ ನವೆಂಬರ್ ಮೊದಲ ವಾರದಲ್ಲಿ ನಾಟಕೋತ್ಸವ ನಡೆಯುತ್ತದೆ, ವಚನ ಗಾಯನವೂ ಇರುತ್ತದೆ. ಎಂದೂ ನಾಟಕ ನೋಡದ ಗೆಳೆಯನೊಬ್ಬನನ್ನು ಈ ಸಲ ಕರೆದುಕೊಂಡು ಬನ್ನಿ. ಕಲ್ಲಿನ ಮೇಲೆ ಕೂರಬೇಕು, ರಾತ್ರಿ ಚಳಿ ಇರುತ್ತದೆ, ಇಬ್ಬರಿಗೂ ಆಗುವಂಥ ಒಂದು ಕಂಬಳಿ ತನ್ನಿ.